ನಡೆಯಲಾರನೆನಿಸಿಕೊಂಡವನ ಓಟ

ಗಾಯಕನಿಗೆ ಕಂಠವೂ ಶಿಲ್ಪಿಗೆ ಕೈಯೂ ಹೇಗೋ, ಓಟಗಾರನಿಗೆ ಕಾಲುಗಳು ಹಾಗೆ. ಅವೇ ಅವನ ಬಂಡವಾಳ. ಆ ಬಂಡವಾಳವೇ ಬಾಲ್ಯದಲ್ಲಿ ಕೈಕೊಟ್ಟ ಹುಡುಗನೊಬ್ಬನು ಮುಂದೆ ಓಟವನ್ನೇ ನೆಚ್ಚಿದ ಆಟಕ್ಕೆ ಇಳಿದು, ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಮೈದಾನದಲ್ಲಿ ಮೆರೆದು, ತನ್ನ ರಾಷ್ಟ್ರದ ತಂಡಕ್ಕೆ ನಾಯಕನಾಗಿ ವಿಶ್ವ ಕಪ್ಪನ್ನು ಗೆದ್ದು ತಂದನೆಂದು ಹೇಳಿದರೆ, ಇದು ಯಾವನೋ ಕಾದಂಬರಿಕಾರನ ಕಲ್ಪನೆಯೆಂದು ವಾಚಕರು ಭಾವಿಸಿಯಾರು. ಆದರೆ ಕ್ಲೈವ್ ಸಲಿವನ್ನನ ಜೀವನದಲ್ಲಿ ಕಲ್ಪನೆಗೆ ಎಡೆಯೇ ಇಲ್ಲ. ನಡೆದುದನ್ನು ನಡೆದಂತೆ ಹೇಳಿದರೆ ಸಾಕು.

ಕ್ಲೈವ್ ಹುಟ್ಟಿದ್ದು ೧೯೪೩ರ ಏಪ್ರಿಲ್ ೯ರಂದು, ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ನಗರದ ಸ್ಪ್ಲಾಟ್ ಎಂಬ ಬಡಾವಣೆಯಲ್ಲಿ. ಕಾರ್ಡಿಫ್ ಬಂದರು ಒಂದು ಕಾಲದಲ್ಲಿ ಕಲ್ಲಿದ್ದಲಿನ ವ್ಯಾಪಾರಕ್ಕೆ ಲೋಕಪ್ರಸಿದ್ಧವಾಗಿತ್ತು. ಕಲ್ಲಿದ್ದಲನ್ನು ಹೊರುವ ಹಡಗುಗಳೊಡನೆ ಆಫ್ರಿಕದಿಂದಲೂ ವೆಸ್ಟ್ ಇಂಡೀಸಿನಿಂದಲೂ ಅರೇಬಿಯದಿಂದಲೂ ನಾವಿಕರು ಬಂದು, ಬಂದರಿನ ಸುತ್ತಲ ಕೇರಿಗಳಲ್ಲಿ ಮನೆಮಾಡಿ ಅಲ್ಲಿಯವರೇ ಆದರು. ಹೀಗೆ ನೆಲೆಸಿದ ಕಪ್ಪು ವರ್ಣೀಯರ ಮಕ್ಕಳು ವೇಲ್ಸಿನ ಉಳಿದೆಲ್ಲ ಮಕ್ಕಳಂತೆ ರಗ್ಬಿ ಚೆಂಡನ್ನು ಅಪ್ಪಿಕೊಂಡೇ ಬೆಳೆದರು. ಕ್ಲೈವನೂ ಅಂಥ ಬಾಲಕರಲ್ಲಿ ಒಬ್ಬ.

ಆದರೆ ಅವನ ಪಾಲಿಗೆ ಆಟಕ್ಕಿಂತ ಆಸ್ಪತ್ರೆಯೇ ಹೆಚ್ಚು ಪರಿಚಿತವಾಯಿತು. ಕಾಲು, ಮೊಣಕಾಲು, ಭುಜಗಳ ತೊಂದರೆಗಾಗಿ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳು ನಡೆದುವು. ಮುಂದೆ ಇವನು ಸರಿಯಾಗಿ ನಡೆದರೆ ಅದೇ ದೊಡ್ಡದು, ಆಟದ ಮಾತಂತೂ ಬೇಡ ಎಂಬುದು ವೈದ್ಯರ ಅಭಿಪ್ರಾಯವಾಗಿತ್ತು. ಹದಿನಾಲ್ಕರ ವಯಸ್ಸಿಗೆ ಹುಡುಗನು ರಗ್ಬಿಯ ಆಸೆಯನ್ನು ಕೈಬಿಟ್ಟನು. ಓರಗೆಯವರು ಬಯಲಿನಲ್ಲಿ ಓಡುತ್ತಿರಲು ಅಂಚಿನಲ್ಲಿ ನಿಂತು ನೋಡುವ ಬಾಲಕನ ಮನಸ್ಸು ಹೇಗಿದ್ದಿರಬಹುದೆಂಬುದನ್ನು ಮಕ್ಕಳನ್ನು ಸಾಕಿದ ಯಾರಾದರೂ ಊಹಿಸಬಲ್ಲರು.

ಒಂದೇ ಚೆಂಡು, ಎರಡು ಮತ

ಕ್ಲೈವನ ಕಥೆ ಮುಂದುವರಿಯುವ ಮೊದಲು ಅವನ ಆಟದ ವಿಷಯವಾಗಿ ನಾಲ್ಕು ಮಾತು ಹೇಳುವುದು ಅಗತ್ಯ. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಗುಂಡು ಚೆಂಡನ್ನು ಕಾಲಿನಿಂದ ಒದೆಯುವ ಆಟ. ರಗ್ಬಿಯ ಚೆಂಡಾದರೋ ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬೇಕು. ಜೊತೆಯವನಿಗೆ ಎಸೆಯುವುದಾದರೆ ಹಿಂದಕ್ಕೇ ಎಸೆಯಬೇಕು, ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಗಳು ಓಡುವವನ ಸೊಂಟಕ್ಕೋ ಕಾಲಿಗೋ ಬಿದ್ದು ನೆಲಕ್ಕೆ ಕೆಡಹುತ್ತಾರೆ. ಅವರೆಲ್ಲರನ್ನೂ ದಾಟಿ ಎದುರು ಪಕ್ಷದ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದಕ್ಕೆ ‘ಟ್ರೈ’ ಎಂದು ಹೆಸರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಆಟ ಎರಡು ಹೋಳಾಯಿತು. ದಕ್ಷಿಣ ಇಂಗ್ಲೆಂಡಿನ ಆಟಗಾರರಲ್ಲಿ ಬಹುಮಂದಿ ಉಳ್ಳವರು. ಆಟಕ್ಕಾಗಿ ಹಣ ಪಡೆಯುವುದು ಅವರ ದೃಷ್ಟಿಯಲ್ಲಿ ಹೀನ ಕಾರ್ಯ. ಉತ್ತರದವರು ಗಣಿಗಳಲ್ಲೂ ಗಿರಣಿಗಳಲ್ಲೂ ದುಡಿಯುವವರು. ಶನಿವಾರ ಆಟಕ್ಕೆ ಹೋದರೆ ಅಂದಿನ ಕೂಲಿ ಹೋದಂತೆ. ಕಳೆದುಹೋದ ಆ ಕೂಲಿಯನ್ನಾದರೂ ಕಟ್ಟಿಕೊಡಬೇಡವೆ ಎಂಬ ಪ್ರಶ್ನೆಯ ಮೇಲೆ ಜಗಳ ಹತ್ತಿ, ೧೮೯೫ರ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಸಂಘಗಳು ಸಭೆ ಸೇರಿ ಬೇರೆ ಮನೆ ಹೂಡಿದುವು. ಹಳೆಯ ಮನೆ ‘ರಗ್ಬಿ ಯೂನಿಯನ್’ ಆಗಿಯೇ ಉಳಿಯಿತು. ಹೊಸ ಮನೆಗೆ ಮುಂದೆ ‘ರಗ್ಬಿ ಲೀಗ್’ ಎಂದು ಹೆಸರಾಯಿತು. ೧೯೦೬ರಲ್ಲಿ ಲೀಗಿನವರು ಹದಿನೈದು ಮಂದಿಯ ತಂಡವನ್ನು ಹದಿಮೂರಕ್ಕೆ ಇಳಿಸಿದರು. ಆಟ ಬಯಲಾಯಿತು, ಓಟಕ್ಕೆ ಎಡೆ ಹೆಚ್ಚಿತು.

ಎರಡು ಮನೆಗಳ ನಡುವಣ ವೈರ ಒಂದು ನೂರು ವರ್ಷ ಬಾಳಿತು. ಲೀಗಿನಿಂದ ಹಣ ಪಡೆದು ಆಡಿದವನಿಗೆ ಯೂನಿಯನ್ನಿನ ಬಾಗಿಲು ಬದುಕಿರುವವರೆಗೂ ಮುಚ್ಚಿದಂತೆಯೇ. ೧೯೯೫ರಲ್ಲಿ ಯೂನಿಯನ್ ತಾನೇ ಹಣದ ಆಟವನ್ನು ಒಪ್ಪಿಕೊಂಡ ಮೇಲೆ ಈ ಬಹಿಷ್ಕಾರ ಕೊನೆಗೊಂಡಿತು. ಲೀಗಿನ ಆಟಗಾರರಾದರೂ ಅಂದಿನ ದಿನಗಳಲ್ಲಿ ಹಣದಲ್ಲಿ ಹೊರಳಾಡುತ್ತಿದ್ದರೆಂದು ತಿಳಿಯಬೇಕಾಗಿಲ್ಲ. ಬಹುಮಂದಿ ವಾರವೆಲ್ಲ ಬೇರೆ ಕೆಲಸ ಮಾಡಿ, ಸಂಜೆ ಅಭ್ಯಾಸಕ್ಕೆ ಬಂದು, ವಾರದ ಕೊನೆಗೆ ಆಡುತ್ತಿದ್ದವರು. ಪಂದ್ಯ ಗೆದ್ದರೆ ಕೈಗೆ ಬರುವ ಹಣ ಹೆಚ್ಚು, ಸೋತರೆ ಕಡಮೆ.

ತಂಡದ ಎರಡು ಅಂಚುಗಳಲ್ಲಿ, ಮೈದಾನದ ಪಕ್ಕದ ಗೆರೆಗೆ ತಾಗಿದಂತೆ ನಿಲ್ಲುವವರು ‘ವಿಂಗರ್’ಗಳು. ನಡುವಣವರು ಗುದ್ದಾಡಿ ದಾರಿ ಮಾಡುತ್ತಾರೆ. ಚೆಂಡು ಕೈಯಿಂದ ಕೈಗೆ ಸಾಗಿ ಕೊನೆಗೆ ಅಂಚಿನವನನ್ನು ಸೇರುತ್ತದೆ. ಆಗ ಅವನ ಒಂದು ಪಕ್ಕದಲ್ಲಿ ಸುಣ್ಣದ ಗೆರೆ, ಇನ್ನೊಂದು ಪಕ್ಕದಲ್ಲಿ ಮೇಲೆ ಬೀಳಲು ಬರುವ ಎದುರಾಳಿ. ಗೆರೆಯ ಮೇಲೆ ಕಾಲಿಟ್ಟರೆ ಎಲ್ಲರ ಶ್ರಮವೂ ವ್ಯರ್ಥ. ಅರ್ಧ ಗಂಟೆ ಚೆಂಡನ್ನೇ ಕಾಣದೆ ಚಳಿಯಲ್ಲಿ ನಿಂತಿದ್ದವನು ಒಂದೇ ಕ್ಷಣದಲ್ಲಿ ಬಾಣದಂತೆ ಚಿಮ್ಮಬೇಕು. ಕಾಲಿನ ಬಲವಿಲ್ಲದವನಿಗೆ ಒಪ್ಪಿಸಬಹುದಾದ ಸ್ಥಾನವಲ್ಲ ಅದು.

ಸೈನಿಕನ ಭಯ

ವೈದ್ಯರ ಮಾತು ಏನೇ ಇರಲಿ, ಕ್ಲೈವನ ಕಾಲುಗಳು ಮೆಲ್ಲನೆ ಚೇತರಿಸಿಕೊಂಡುವು. ಅವನು ಸೈನ್ಯವನ್ನು ಸೇರಿದನು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಕ್ಯಾಟರಿಕ್ ಎಂಬಲ್ಲಿ ದೊಡ್ಡದೊಂದು ದಂಡಿನ ಪ್ರದೇಶವಿದೆ. ಅಲ್ಲಿದ್ದಾಗ ೧೯೬೧ರಲ್ಲಿ ಸೈನ್ಯದ ದಳಗಳ ನಡುವೆ ನಡೆಯುವ ರಗ್ಬಿ ಪಂದ್ಯವೊಂದಕ್ಕೆ ಅವನ ಹೆಸರನ್ನೂ ಬರೆದರು. ವೇಲ್ಸಿನವನೆಂದ ಮೇಲೆ ರಗ್ಬಿ ಬಾರದೆ ಇದ್ದೀತೆ ಎಂಬುದು ಮೇಲಿನವರ ತರ್ಕವಾಗಿತ್ತು.

ಕ್ಲೈವ್ ಸಂಕಟಕ್ಕೆ ಸಿಕ್ಕಿದನು. ಆಡಲಾರೆನೆಂದರೆ ಏಕೆಂದು ಕೇಳುತ್ತಾರೆ. ಕಾಲಿನ ಹಳೆಯ ಕಥೆ ಹೊರಬೀಳುತ್ತದೆ. ಸೈನ್ಯದ ಕೆಲಸಕ್ಕೇ ಸಂಚಕಾರ ಬರುತ್ತದೆ. ಆದುದರಿಂದ ಮೈದಾನಕ್ಕೆ ಇಳಿದು, ಸ್ವಲ್ಪ ಹೊತ್ತಿನಲ್ಲೇ ಪೆಟ್ಟಾಯಿತೆಂದು ನಟಿಸಿ ಹೊರಬರುವುದೆಂದು ಅವನು ನಿರ್ಧರಿಸಿದನು. ಉಪಾಯವೇನೋ ಒಳ್ಳೆಯದೇ. ಆದರೆ ಚೆಂಡು ಕೈಗೆ ಬಂದಾಗ ಅವನಿಗೆ ಉಪಾಯ ಮರೆತುಹೋಯಿತು. ಕಣ್ಣೆದುರು ತೆರವು ಕಂಡಿತು. ಕಾಲುಗಳು ತಾವಾಗಿಯೇ ಓಡಿದುವು. ಗೆರೆಯಾಚೆ ಚೆಂಡನ್ನು ಊರಿ ಎದ್ದು ನಿಂತಾಗ ನೋವು ಮರುಕಳಿಸುವುದೆಂದು ಅವನು ಕಾದನು. ನೋವು ಬರಲಿಲ್ಲ. ವರ್ಷಗಳಿಂದ ಅವನ ಮನಸ್ಸಿನಲ್ಲಿ ಬೇರುಬಿಟ್ಟಿದ್ದ ಭಯ ಆ ದಿನ ಸಡಿಲಿತು.

ಹೆಸರಿಲ್ಲದ ಆಟಗಾರ

ಅಂದಿನ ಓಟದ ಸುದ್ದಿ ಬಲು ಬೇಗ ಲೀಗ್ ಸಂಘಗಳ ಕಿವಿಗೆ ಬಿದ್ದಿತು. ಮೊದಲು ಬ್ರಾಡ್‌ಫರ್ಡ್ ನಾರ್ದರ್ನ್ ಸಂಘದವರು ಅವನನ್ನು ಕರೆಸಿ ಪರೀಕ್ಷಿಸಿದರು. ಅವರಿಗೆ ಅವನು ಹಿಡಿಸಲಿಲ್ಲ. ಆ ಬಳಿಕ ಪೂರ್ವ ತೀರದ ಹಲ್ ನಗರದ ಸಂಘ ಅವನನ್ನು ಕರೆಯಿತು.

ಹೀಗೆ ಪರೀಕ್ಷೆಗೆಂದು ಬಂದವರ ನಿಜವಾದ ಹೆಸರನ್ನು ಪ್ರಕಟಿಸದಿರುವುದು ಅಂದಿನ ವಾಡಿಕೆ. ಹೆಸರು ಬಯಲಾಗಿ, ಲೀಗಿನವರು ಕೊನೆಗೆ ಬೇಡವೆಂದರೆ, ಹುಡುಗನು ಇತ್ತ ಲೀಗಿಗೂ ಇಲ್ಲ, ಅತ್ತ ಯೂನಿಯನ್ನಿಗೂ ಇಲ್ಲ ಎಂಬಂತಾಗುತ್ತಿತ್ತು. ಆದುದರಿಂದ ೧೯೬೧ರ ಡಿಸೆಂಬರಿನಲ್ಲಿ ಬ್ರಾಮ್ಲಿ ತಂಡದ ಎದುರು ಹಲ್ ಸಂಘದ ಅಂಚಿನಲ್ಲಿ ನಿಂತ ಹದಿನೆಂಟು ವರ್ಷದ ಹುಡುಗನು ಪ್ರೇಕ್ಷಕರ ಪಾಲಿಗೆ ಬರಿಯ ‘ಮಿಸ್ಟರ್ ಎಕ್ಸ್’ ಆಗಿದ್ದನು. ಪಂದ್ಯ ಮುಗಿಯುವ ಹೊತ್ತಿಗೆ ಮಿಸ್ಟರ್ ಎಕ್ಸ್ ಮೂರು ಟ್ರೈಗಳನ್ನು ಗಳಿಸಿದ್ದನು. ಸಂಘದವರು ತಡಮಾಡಲಿಲ್ಲ, ಮರುದಿನವೇ ಒಪ್ಪಂದಕ್ಕೆ ಸಹಿ ಬಿದ್ದಿತು.

ಅಂದು ಹಲ್ ತಂಡದ ತರಬೇತುದಾರನಾಗಿದ್ದವನು ರಾಯ್ ಫ್ರಾನ್ಸಿಸ್ ಎಂಬುದನ್ನು ಇಲ್ಲಿ ಮರೆಯಬಾರದು. ಫ್ರಾನ್ಸಿಸ್ ಕೂಡ ವೇಲ್ಸಿನವನೇ, ಕಪ್ಪು ವರ್ಣೀಯನೇ, ತನ್ನ ಕಾಲದಲ್ಲಿ ವಿಂಗರನೇ. ೧೯೪೬ರಲ್ಲಿ ಬ್ರಿಟಿಷ್ ತಂಡ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವನನ್ನು ಕೈಬಿಡಲಾಗಿತ್ತು. ಆ ದೇಶದ ವರ್ಣನೀತಿಯೇ ಅದಕ್ಕೆ ಕಾರಣವೆಂದು ವ್ಯಾಪಕವಾಗಿ ನಂಬಲಾಗಿದೆ. ಮರುವರ್ಷ ಅವನು ಗ್ರೇಟ್ ಬ್ರಿಟನ್ನಿನ ಪರ ಆಡಿದನು. ಆಮೇಲೆ ಹಲ್ ತಂಡವನ್ನು ಪಳಗಿಸಿ ೧೯೫೬ರಲ್ಲೂ ೧೯೫೮ರಲ್ಲೂ ಲೀಗಿನ ಚಾಂಪಿಯನ್ ಪಟ್ಟಕ್ಕೆ ಏರಿಸಿದನು. ತನಗೆ ಮುಚ್ಚಿದ್ದ ಬಾಗಿಲುಗಳನ್ನು ಬಲ್ಲ ಹಿರಿಯನೊಬ್ಬನ ಕಣ್ಣೆದುರಿನಲ್ಲೇ ಕ್ಲೈವ್ ಸಲಿವನ್ನನ ಆಟ ಆರಂಭವಾಯಿತು.

ಬೋಲ್ವಾರ್ಡ್ ಮೈದಾನದ ಮೆಚ್ಚುಗೆ

ಹಲ್ ನಗರವು ಹಂಬರ್ ನದಿಯ ಅಗಲವಾದ ಮುಖದ ದಡದಲ್ಲಿದೆ. ಅದೇ ಹೆಸರಿನ ಇನ್ನೊಂದು ಚಿಕ್ಕ ನದಿ ನಗರವನ್ನು ಪೂರ್ವ, ಪಶ್ಚಿಮಗಳೆಂದು ಸೀಳಿಕೊಂಡು ಹೋಗಿ ಹಂಬರನ್ನು ಸೇರುತ್ತದೆ. ಪಶ್ಚಿಮದ ಕೇರಿಗಳು ಆ ಕಾಲದಲ್ಲಿ ಆಳ ಸಮುದ್ರಕ್ಕೆ ಹೋಗುವ ಮೀನುಗಾರರವು. ಅವರ ಸಂಘ ಹಲ್, ಅದರ ಅಂಗಿಯ ಬಣ್ಣ ಕಪ್ಪು ಬಿಳುಪು, ಮೈದಾನ ಬೋಲ್ವಾರ್ಡ್. ಪೂರ್ವದ ಕೇರಿಗಳು ಹಡಗುಕಟ್ಟೆಯ ಕೆಲಸಗಾರರವು. ಅವರ ಸಂಘ ಹಲ್ ಕಿಂಗ್‌ಸ್ಟನ್ ರೋವರ್ಸ್, ಬಣ್ಣ ಕೆಂಪು ಬಿಳುಪು, ಮೈದಾನ ಕ್ರೇವನ್ ಪಾರ್ಕ್. ನದಿಯ ಈಚೆಯವನು ಆಚೆಯ ಸಂಘವನ್ನು ಹೊಗಳುವುದೆಂದರೆ ಮನೆಯಲ್ಲೇ ಜಗಳಕ್ಕೆ ದಾರಿ.

ಬೋಲ್ವಾರ್ಡಿನ ಜನ ಸುಲಭವಾಗಿ ಮೆಚ್ಚುವವರಲ್ಲ. ಗಾಳಿ ಮಳೆಗಳಲ್ಲಿ ಜೀವವನ್ನು ಪಣವಿಟ್ಟು ದುಡಿಯುವವರಿಗೆ ಮೈಗಳ್ಳ ಆಟಗಾರನನ್ನು ಕಂಡರೆ ತಾತ್ಸಾರ. ಸಲಿವನ್ನನ ಓಟ ಅವರ ಮನಸ್ಸನ್ನು ಗೆದ್ದಿತು. ಅವನು ವೇಗಿ ಮಾತ್ರವಾಗಿರಲಿಲ್ಲ. ಎದುರಾಳಿ ತನ್ನನ್ನು ದಾಟಿ ಹೋದರೆ ಮೈದಾನದ ಉದ್ದಕ್ಕೂ ಬೆನ್ನಟ್ಟಿ ಕೆಡಹುವ ಛಲವೂ ಅವನಲ್ಲಿತ್ತು. ತಾನು ಗಳಿಸುವ ಟ್ರೈಗೆ ಎಷ್ಟು ಬೆಲೆಯೋ ತಡೆದ ಟ್ರೈಗೂ ಅಷ್ಟೇ ಬೆಲೆಯೆಂದು ಅವನು ಆಡಿ ತೋರಿಸಿದನು.

ದಾರಿ ಸುಗಮವಾಗಿತ್ತೆಂದು ಹೇಳುವಂತಿಲ್ಲ. ಮೊದಮೊದಲು ಅವನಿನ್ನೂ ಸೈನಿಕ. ಕರೆ ಬಂದಾಗ ದಂಡಿನೊಡನೆ ಹೋಗಲೇಬೇಕು. ಸೈಪ್ರಸ್ ದ್ವೀಪದಲ್ಲೂ ಅವನು ಸೇವೆ ಸಲ್ಲಿಸಿದನು. ೧೯೬೩ರಲ್ಲಿ ಮೋಟಾರು ಅಪಘಾತವೊಂದಕ್ಕೆ ಸಿಕ್ಕಿ ಪ್ರಾಣಾಪಾಯದಿಂದ ಪಾರಾದನು. ಮೊಣಕಾಲುಗಳು ಆಗಾಗ ಮತ್ತೆ ಶಸ್ತ್ರಚಿಕಿತ್ಸೆಯನ್ನು ಬೇಡಿದುವು. ಪ್ರತಿಯೊಂದು ಸಲವೂ ಇವನ ಆಟ ಮುಗಿಯಿತೆಂದು ಜನ ಮಾತಾಡಿಕೊಂಡರು. ಪ್ರತಿಯೊಂದು ಸಲವೂ ಅವನು ಎದ್ದು ಬಂದು ಅದೇ ಅಂಚಿನಲ್ಲಿ ನಿಂತನು. ೧೯೬೮ರ ಏಪ್ರಿಲಿನಲ್ಲಿ ಡಾನ್‌ಕಾಸ್ಟರ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ಏಳು ಟ್ರೈಗಳನ್ನು ಗಳಿಸಿ ಸಂಘದ ಇತಿಹಾಸದಲ್ಲಿ ದಾಖಲೆಯನ್ನು ಬರೆದನು. ಹಲ್ ಸಂಘಕ್ಕಾಗಿ ಅವನಾಡಿದ ಪಂದ್ಯಗಳು ಒಟ್ಟು ೩೫೨. ಗಳಿಸಿದ ಟ್ರೈಗಳು ೨೫೦.

ಬಣ್ಣದ ಪ್ರಶ್ನೆ

ಕಾರ್ಡಿಫಿನಲ್ಲಿ ಹುಟ್ಟಿ, ವೇಲ್ಸಿನ ಕೆಂಪು ಅಂಗಿಯ ಕನಸು ಕಾಣುತ್ತಾ ಬೆಳೆದ ಕಪ್ಪು ವರ್ಣೀಯ ಹುಡುಗರು ಉತ್ತರದ ಚಳಿಯ ಊರುಗಳಿಗೆ ಏಕೆ ಹೋಗಬೇಕಾಯಿತೆಂಬ ಪ್ರಶ್ನೆ ಏಳುವುದು ಸಹಜ. ಹಣದ ಆಕರ್ಷಣೆ ಒಂದು ಕಾರಣವೆಂಬುದು ನಿಜ. ಅದಕ್ಕಿಂತ ಕಹಿಯಾದ ಕಾರಣವೂ ಇತ್ತು. ವೇಲ್ಸಿನ ಯೂನಿಯನ್ ತಂಡದಲ್ಲಿ ೧೯೮೦ರ ದಶಕದವರೆಗೂ ಕಪ್ಪು ವರ್ಣದ ಆಟಗಾರನೊಬ್ಬನೂ ಕಾಣಿಸಿಕೊಳ್ಳಲಿಲ್ಲ. ಕಾರ್ಡಿಫಿನ ಬಂದರುಕೇರಿಯ ಬಿಲ್ಲಿ ಬೋಸ್ಟನ್ ೧೯೫೩ರಲ್ಲಿ ವಿಗನ್ ಸಂಘವನ್ನು ಸೇರಿ, ತನ್ನ ಜೀವಮಾನದಲ್ಲಿ ೫೭೧ ಟ್ರೈಗಳನ್ನು ಗಳಿಸಿದನು. ಅಂಥವನಿಗೂ ತವರಿನ ಯೂನಿಯನ್ ತಂಡದ ಅಂಗಿ ದೊರೆಯಲಿಲ್ಲ. ಬೋಸ್ಟನ್ನನ ದಾರಿಯಲ್ಲೇ ಹಲವು ಮಂದಿ ಉತ್ತರಕ್ಕೆ ನಡೆದರು. ಸಲಿವನ್ನನೂ ಅವರಲ್ಲಿ ಒಬ್ಬ.

ಉತ್ತರದಲ್ಲಿ ಎಲ್ಲವೂ ಜೇನೆಂದು ಅರ್ಥವಲ್ಲ. ಪರ ಊರಿನ ಮೈದಾನಗಳಲ್ಲಿ ಬಣ್ಣವನ್ನು ಹಿಡಿದು ಕೂಗುವ ಬಾಯಿಗಳಿಗೆ ಅಲ್ಲಿಯೂ ಬರವಿರಲಿಲ್ಲ. ಆದರೆ ಲೀಗಿನಲ್ಲಿ ಆಯ್ಕೆಯ ಅಳತೆಗೋಲು ಬಹುಮಟ್ಟಿಗೆ ಒಂದೇ: ಓಡಬಲ್ಲನೆ, ಹಿಡಿಯಬಲ್ಲನೆ, ಗೆಲ್ಲಿಸಬಲ್ಲನೆ? ಈ ಮೂರಕ್ಕೂ ಸಲಿವನ್ ಮೈದಾನದಲ್ಲೇ ಉತ್ತರ ಕೊಟ್ಟನು. ೧೯೬೭ರಲ್ಲಿ ಗ್ರೇಟ್ ಬ್ರಿಟನ್ನಿನ ತಂಡಕ್ಕೆ ಆಯ್ಕೆಯಾದನು. ಮರುವರ್ಷದ ವಿಶ್ವ ಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ಮೂರು ಟ್ರೈಗಳನ್ನು ಗಳಿಸಿದನು.

೧೯೭೨ರಲ್ಲಿ ಆ ತಂಡದ ನಾಯಕತ್ವವೇ ಅವನಿಗೆ ಒಲಿಯಿತು. ಯಾವ ಕ್ರೀಡೆಯಲ್ಲೇ ಆಗಲಿ, ಬ್ರಿಟನ್ನಿನ ರಾಷ್ಟ್ರೀಯ ತಂಡವೊಂದಕ್ಕೆ ಕಪ್ಪು ವರ್ಣೀಯನೊಬ್ಬನು ನಾಯಕನಾದುದು ಅದೇ ಮೊದಲು. ಇಂಗ್ಲೆಂಡಿನ ಹಿರಿಯರ ಫುಟ್‌ಬಾಲ್ ತಂಡದಲ್ಲಿ ವಿವ್ ಆಂಡರ್ಸನ್ ಆಡಿದ್ದು ೧೯೭೮ರಲ್ಲಿ ಎಂಬುದನ್ನು ನೆನೆದರೆ ಈ ಘಟನೆಯ ಮಹತ್ವ ತಿಳಿಯುತ್ತದೆ. ಅಲ್ಲಿ ಬರಿಯ ಆಟಗಾರನಾಗುವುದಕ್ಕೆ ಇನ್ನೂ ಆರು ವರ್ಷ ಬೇಕಾಗಿದ್ದಾಗ, ಇಲ್ಲಿ ಸಲಿವನ್ ನಾಯಕನಾಗಿ ಮುಂದೆ ನಡೆದಿದ್ದನು.

ಲಿಯಾನ್ ನಗರದ ಆ ಅಪರಾಹ್ನ

ಆ ವರ್ಷದ ವಿಶ್ವ ಕಪ್ಪಿನ ಪಂದ್ಯಗಳು ಫ್ರಾನ್ಸಿನಲ್ಲಿ ನಡೆದುವು. ಬ್ರಿಟನ್ ತಂಡ ಮೊದಲು ಪೆರ್ಪಿನ್ಯಾನಿನಲ್ಲಿ ಆಸ್ಟ್ರೇಲಿಯಾವನ್ನು ೨೭-೨೧ರಿಂದ ಸೋಲಿಸಿತು. ಗ್ರೆನೋಬಲಿನಲ್ಲಿ ಫ್ರಾನ್ಸನ್ನು ೧೩-೪ರಿಂದ, ಪೋ ಪಟ್ಟಣದಲ್ಲಿ ನ್ಯೂಜಿಲೆಂಡನ್ನು ೫೩-೧೯ರಿಂದ ಮಣಿಸಿತು. ಮೂರು ಪಂದ್ಯಗಳಲ್ಲೂ ನಾಯಕನು ಟ್ರೈ ಗಳಿಸಿದ್ದನು. ನವೆಂಬರ್ ೧೧ರಂದು ಲಿಯಾನ್ ನಗರದ ಜೆರ್ಲಾಂ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ. ಎದುರಿಗೆ ಮತ್ತೆ ಆಸ್ಟ್ರೇಲಿಯಾ. ಪಂದ್ಯ ದೊಡ್ಡದು, ಪ್ರೇಕ್ಷಕರು ಮಾತ್ರ ಐದು ಸಾವಿರಕ್ಕೂ ಕಡಮೆ.

ಆ ಕಾಲದಲ್ಲಿ ಒಂದು ಟ್ರೈಗೆ ಮೂರು ಅಂಕಗಳು, ಕಂಬಗಳ ನಡುವೆ ಒದ್ದ ಗೋಲಿಗೆ ಎರಡು. ಆಸ್ಟ್ರೇಲಿಯಾದವರು ಮೈಕಟ್ಟಿನಲ್ಲಿ ಬಲಿಷ್ಠರು. ಬ್ರಿಟನ್ನಿನ ಪಾಳೆಯದತ್ತ ಒತ್ತಿಕೊಂಡೇ ಬಂದರು. ಹೀಗಿರುವಾಗ ಬ್ರಿಟನ್ನಿನ ಅರ್ಧದಲ್ಲೇ ಚೆಂಡು ಆಸ್ಟ್ರೇಲಿಯಾದವರ ಕೈಜಾರಿ ನೆಲಕ್ಕೆ ಬಿದ್ದಿತು. ಸಲಿವನ್ ಅದನ್ನು ಬಾಚಿಕೊಂಡನು. ಗೆರೆ ಇನ್ನೂ ಎಂಬತ್ತು ಗಜಗಳಷ್ಟು ದೂರ. ತಲೆ ಎತ್ತಿ ಒಮ್ಮೆ ನೋಡಿ, ಪಕ್ಕದ ಗೆರೆಯ ಬದಿಯಲ್ಲೇ ಓಟ ಕಿತ್ತನು. ಹಿಂದಿನಿಂದ ಬೆನ್ನಟ್ಟಿದವರು ಹತ್ತಿರವಾಗಲಿಲ್ಲ. ಅಡ್ಡ ಬಂದವರು ತಲಪಲಿಲ್ಲ. ಸರಿಯಾಗಿ ನಡೆಯುವುದೇ ಅನುಮಾನವೆಂದು ವೈದ್ಯರು ಹೇಳಿದ್ದ ಕಾಲುಗಳು ಲೋಕದ ಅತ್ಯಂತ ಬಲಶಾಲಿ ತಂಡವನ್ನು ಹಿಂದೆ ಹಾಕಿ ಗೆರೆಯನ್ನು ದಾಟಿದುವು.

ಆದರೂ ಪಂದ್ಯ ಮುಗಿದಿರಲಿಲ್ಲ. ಆಸ್ಟ್ರೇಲಿಯಾದ ನಾಯಕ ಗ್ರೇಮ್ ಲಾಂಗ್ಲೆಂಡ್ಸ್ ಗಾಳಿಯಲ್ಲಿ ಹಾರಿ ಚೆಂಡನ್ನು ಹಿಡಿದು ಗೆರೆಯಾಚೆ ಬಿದ್ದಾಗ ಫ್ರೆಂಚ್ ತೀರ್ಪುಗಾರನು ಅದನ್ನು ಒಪ್ಪಲಿಲ್ಲ. ಚಲನಚಿತ್ರದಲ್ಲಿ ಮತ್ತೆ ನೋಡಿದವರು ಆ ಟ್ರೈ ನ್ಯಾಯವಾದುದೇ ಆಗಿತ್ತೆಂದು ಹೇಳುತ್ತಾರೆ. ಅದೃಷ್ಟವೂ ಅಂದು ಬ್ರಿಟನ್ನಿನ ಕಡೆಗಿತ್ತೆಂದು ಒಪ್ಪಿಕೊಳ್ಳಬೇಕು. ಬ್ರಿಟನ್ ೫-೧೦ರಿಂದ ಹಿಂದೆ ಬಿದ್ದಿದ್ದಾಗ, ಕೊನೆಯ ಘಟ್ಟದಲ್ಲಿ ಮೈಕ್ ಸ್ಟೀಫನ್‌ಸನ್ ಇನ್ನೊಂದು ಟ್ರೈ ಗಳಿಸಿದನು. ಜಾನ್ ಕ್ಲಾಸನ್ ಅದರ ಬೆನ್ನಿಗೇ ಗೋಲು ಒದ್ದು ಅಂಕಗಳನ್ನು ೧೦-೧೦ಕ್ಕೆ ಸಮ ಮಾಡಿದನು. ಹೆಚ್ಚಿನ ಇಪ್ಪತ್ತು ನಿಮಿಷಗಳನ್ನು ಆಡಿಸಿದರೂ ಯಾರಿಗೂ ಅಂಕ ದೊರೆಯಲಿಲ್ಲ. ಮೊದಲ ಸುತ್ತಿನ ಮೂರು ಪಂದ್ಯಗಳನ್ನೂ ಗೆದ್ದಿದ್ದ ಬ್ರಿಟನ್ನಿಗೆ ನಿಯಮದಂತೆ ಕಪ್ ಸಂದಿತು.

ಕಪ್ಪನ್ನು ಕೈಯಲ್ಲಿ ಹಿಡಿದಾಗ ಸಲಿವನ್ನನಿಗೆ ಇಪ್ಪತ್ತೊಂಬತ್ತು ವರ್ಷ. ಅಂದಿನಿಂದ ೨೦೨೨ರಲ್ಲಿ ಇಂಗ್ಲೆಂಡಿನಲ್ಲೇ ನಡೆದ ಸ್ಪರ್ಧೆಯವರೆಗೆ ಹಲವು ವಿಶ್ವ ಕಪ್ಪುಗಳು ನಡೆದುವು. ಬ್ರಿಟನ್ನಿನ ತಂಡವಾಗಲಿ, ಆ ಬಳಿಕ ಅದರ ಬದಲು ಆಡಿದ ಇಂಗ್ಲೆಂಡಿನ ತಂಡವಾಗಲಿ ಅವುಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಗ್ರೇಟ್ ಬ್ರಿಟನ್ನಿನ ಪರವಾಗಿ ಸಲಿವನ್ ಆಡಿದ ಪಂದ್ಯಗಳು ೧೭, ಗಳಿಸಿದ ಟ್ರೈಗಳು ೧೩. ಸರಕಾರ ಅವನಿಗೆ ಎಂ.ಬಿ.ಇ. ಪದವಿಯನ್ನಿತ್ತು ಗೌರವಿಸಿತು. ೧೯೭೫ರ ವಿಶ್ವ ಕಪ್ಪಿನಲ್ಲಿ ಅವನು ವೇಲ್ಸ್ ತಂಡದ ನಾಯಕನಾಗಿ ಆಡಿದನು. ತವರಿನ ಅಂಗಿ ಹೀಗೆ ಲೀಗಿನ ದಾರಿಯಿಂದ ಅವನ ಮೈಗೇರಿತು.

ನದಿಯನ್ನು ದಾಟಿದವನು

೧೯೭೪ರಲ್ಲಿ ಸಲಿವನ್ ಮಾಡಿದ ಕಾರ್ಯವನ್ನು ಇನ್ನಾರಾದರೂ ಮಾಡಿದ್ದರೆ ಹಲ್ ನಗರ ಕ್ಷಮಿಸುತ್ತಿತ್ತೋ ಇಲ್ಲವೋ. ಹದಿಮೂರು ವರ್ಷಗಳ ಹತ್ತಿರ ಪಶ್ಚಿಮದ ಕಪ್ಪು ಬಿಳುಪು ಅಂಗಿಯಲ್ಲಿ ಆಡಿದವನು ನದಿಯನ್ನು ದಾಟಿ ಪೂರ್ವದ ರೋವರ್ಸ್ ಸಂಘವನ್ನು ಸೇರಿದನು. ಪಶ್ಚಿಮದ ಜನರಿಗೆ ನೋವಾಯಿತು, ಆದರೆ ದ್ವೇಷ ಹುಟ್ಟಲಿಲ್ಲ. ಪೂರ್ವದವರು ಹಳೆಯ ಎದುರಾಳಿಯನ್ನು ಸಂದೇಹದಿಂದ ನೋಡಲೂ ಇಲ್ಲ. ಸೌಮ್ಯವಾದ ಮಾತು, ಗೆದ್ದಾಗ ಬೀಗದ, ಸೋತಾಗ ಹರಿಹಾಯದ ನಡತೆ—ಇವುಗಳಿಂದ ಅವನು ಎರಡು ದಡಗಳವರಿಗೂ ಬೇಕಾದವನಾಗಿಯೇ ಉಳಿದನು. ರೋವರ್ಸಿಗಾಗಿ ೨೧೩ ಪಂದ್ಯಗಳಲ್ಲಿ ೧೧೮ ಟ್ರೈಗಳನ್ನು ಗಳಿಸಿದನು. ಎರಡು ಸಂಘಗಳಿಗೂ ನೂರಕ್ಕೆ ಮಿಕ್ಕಿ ಟ್ರೈಗಳನ್ನು ಗಳಿಸಿಕೊಟ್ಟ ಕೀರ್ತಿ ಅವನದು.

೧೯೮೦ರ ಮೇ ೩ರಂದು ನಡೆಯಬಾರದ್ದೊಂದು ನಡೆಯಿತೆಂಬಂತೆ, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯಕ್ಕೆ ಹಲ್ ನಗರದ ಎರಡು ಸಂಘಗಳೇ ಎದುರುಬದುರಾದುವು. ಊರಿಗೆ ಊರೇ ದಕ್ಷಿಣಕ್ಕೆ ಹೊರಟಿತು. ಕೊನೆಗೆ ಹೋಗುವವರು ದೀಪ ಆರಿಸಿ ಹೋಗಿರೆಂದು ಯಾರೋ ಹಾಸ್ಯಗಾರರು ಊರ ಹೊರಗಿನ ಹೆದ್ದಾರಿಯ ಬಳಿ ಫಲಕ ಬರೆದು ನಿಲ್ಲಿಸಿದ್ದರು. ತೊಂಬತ್ತೈದು ಸಾವಿರ ಪ್ರೇಕ್ಷಕರೆದುರು ರೋವರ್ಸ್ ೧೦-೫ರಿಂದ ಗೆದ್ದಿತು. ನಾಯಕ ರಾಜರ್ ಮಿಲ್‌ವರ್ಡ್ ಆಟದ ಆರಂಭದಲ್ಲೇ ದವಡೆ ಮುರಿದುಕೊಂಡರೂ ಮೈದಾನವನ್ನು ಬಿಡಲಿಲ್ಲ. ಅದೇ ತಂಡದ ಅಂಚಿನಲ್ಲಿ ಮೂವತ್ತೇಳು ವರ್ಷದ ಸಲಿವನ್ ನಿಂತಿದ್ದನು. ರೋವರ್ಸಿಗೆ ಅದು ಮೊತ್ತಮೊದಲ ಚಾಲೆಂಜ್ ಕಪ್. ಎರಡನೆಯದಕ್ಕಾಗಿ ಆ ಸಂಘ ೨೦೨೫ರವರೆಗೆ, ಎಂದರೆ ನಲವತ್ತೈದು ವರ್ಷ ಕಾಯಬೇಕಾಯಿತು.

ಇಲ್ಲಿಗೆ ಕಥೆ ಮುಗಿಯಿತೆನ್ನುವಾಗ ಇನ್ನೊಂದು ಅಧ್ಯಾಯ ತೆರೆಯಿತು. ಸಲಿವನ್ ೧೯೮೧ರಲ್ಲಿ ಹಳೆಯ ಹಲ್ ಸಂಘಕ್ಕೆ ಮರಳಿದನು. ೧೯೮೨ರಲ್ಲಿ ಆ ಸಂಘ ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯದಲ್ಲಿ ವಿಡ್ನೆಸ್ ತಂಡದೊಡನೆ ೧೪-೧೪ರ ಸಮ ಸಾಧಿಸಿತು. ಮೇ ೧೯ರಂದು ಲೀಡ್ಸ್ ನಗರದ ಎಲ್ಯಾಂಡ್ ರೋಡ್ ಕ್ರೀಡಾಂಗಣದಲ್ಲಿ ಮರುಪಂದ್ಯ ಏರ್ಪಟ್ಟಾಗ ಅಂಚಿನ ಸ್ಥಾನಕ್ಕೆ ಒಬ್ಬನು ಬೇಕಾದನು. ಮೂವತ್ತೊಂಬತ್ತು ವರ್ಷದ ಸಲಿವನ್ ಅಂಗಿ ತೊಟ್ಟು ಬಂದನು. ಹಲ್ ೧೮-೯ರಿಂದ ಗೆದ್ದಿತು. ಅದಕ್ಕೆ ಮೊದಲು ಆ ಸಂಘ ಈ ಕಪ್ಪನ್ನು ಗೆದ್ದದ್ದು ೧೯೧೪ರಲ್ಲಿ. ಎಂದರೆ ಅರವತ್ತೆಂಟು ವರ್ಷಗಳ ಬರ ನೀಗಿತು. ನದಿಯ ಎರಡು ದಡಗಳಿಗೂ ಕಪ್ ತಂದ ತಂಡಗಳಲ್ಲಿ ಒಬ್ಬನೇ ವ್ಯಕ್ತಿ ಇದ್ದನು.

ದಾರಿಯಾದ ಹೆಸರು

೧೯೮೫ರಲ್ಲಿ ಸಲಿವನ್ನನಿಗೆ ಯಕೃತ್ತಿನ ಕ್ಯಾನ್ಸರ್ ರೋಗ ತಗುಲಿತು. ಎಷ್ಟೋ ಶಸ್ತ್ರಚಿಕಿತ್ಸೆಗಳನ್ನು ಗೆದ್ದು ಬಂದ ದೇಹ ಈ ಸಲ ಸೋತಿತು. ಅಕ್ಟೋಬರ್ ೮ರಂದು ಅವನು ತೀರಿಕೊಂಡಾಗ ವಯಸ್ಸು ನಲವತ್ತೆರಡು. ಆಟವಾಡುವ ದಿನಗಳಲ್ಲಿ ಪರಸ್ಪರ ಮುಖ ನೋಡಲೊಲ್ಲದ ಎರಡು ಕೇರಿಗಳ ಜನ ಒಂದೇ ಸಾವಿಗಾಗಿ ಮರುಗಿದರು.

ಹಲ್ ನಗರದ ನಡುವಿನಿಂದ ಹಂಬರ್ ಸೇತುವೆಯತ್ತ ಸಾಗುವ ಎ-೬೩ ಹೆದ್ದಾರಿಯ ಭಾಗಕ್ಕೆ ‘ಕ್ಲೈವ್ ಸಲಿವನ್ ವೇ’ ಎಂದು ಹೆಸರಿಡಲಾಯಿತು. ಪಶ್ಚಿಮದಿಂದ ನಗರಕ್ಕೆ ಬರುವ ಮುಖ್ಯ ದಾರಿ ಅದೇ. ರಾಜರಿಗೂ ಸೇನಾಪತಿಗಳಿಗೂ ಮೀಸಲೆಂಬಂತಿದ್ದ ಇಂಥ ಗೌರವವನ್ನು ಆ ಊರು, ಹೊರಗಿನಿಂದ ಬಂದು ತನ್ನವನಾದ ಒಬ್ಬ ಆಟಗಾರನಿಗೆ ಕೊಟ್ಟಿತು. ಎರಡು ಸಂಘಗಳೂ ಅವನ ಹೆಸರಿನ ಸ್ಮಾರಕ ಪಾರಿತೋಷಕಕ್ಕಾಗಿ ಸೆಣಸಿವೆ. ಅವನ ಮಗ ಆಂಥೊನಿ ಸಲಿವನ್ ಕೂಡ ವಿಂಗರನೇ ಆದನು. ತಂದೆ ಆಡಿದ ರೋವರ್ಸಿನಲ್ಲಿ ಆಡಿ, ಬಳಿಕ ಸೇಂಟ್ ಹೆಲೆನ್ಸ್ ಸಂಘದಲ್ಲಿ ಹೆಸರು ಮಾಡಿ, ಲೀಗ್ ಮತ್ತು ಯೂನಿಯನ್ ಎರಡರಲ್ಲೂ ವೇಲ್ಸಿನ ಪರವಾಗಿ ಆಡಿದನು. ತಂದೆಯ ಕಾಲದಲ್ಲಿ ಮುಚ್ಚಿದ್ದ ಬಾಗಿಲು ಮಗನ ಕಾಲಕ್ಕೆ ತೆರೆದಿತ್ತು.

ಹುಟ್ಟಿದೂರು ತಡವಾಗಿ ಎಚ್ಚತ್ತಿತು. ೨೦೨೩ರ ಜುಲೈ ತಿಂಗಳಲ್ಲಿ ಕಾರ್ಡಿಫಿನ ಹಳೆಯ ಬಂದರಿನ ಬಳಿ ಮೂವರು ಲೀಗ್ ಆಟಗಾರರ ಕಂಚಿನ ಪ್ರತಿಮೆಗಳನ್ನು ಅನಾವರಣ ಮಾಡಲಾಯಿತು: ಬಿಲ್ಲಿ ಬೋಸ್ಟನ್, ಗಸ್ ರಿಸ್‌ಮನ್, ಕ್ಲೈವ್ ಸಲಿವನ್. ಎರಡು ವರ್ಷಗಳ ಬಳಿಕ, ೨೦೨೫ರಲ್ಲಿ, ತೊಂಬತ್ತು ವರ್ಷದ ಬೋಸ್ಟನ್ನನಿಗೆ ‘ಸರ್’ ಪದವಿ ದೊರೆಯಿತು. ರಗ್ಬಿ ಲೀಗ್ ಆಟಗಾರನೊಬ್ಬನಿಗೆ ಆ ಪದವಿ ಸಂದುದು ಅದೇ ಮೊದಲು. ಆಟ ಹುಟ್ಟಿ ನೂರಮೂವತ್ತು ವರ್ಷಗಳಾಗಿದ್ದುವು.

ಕ್ಲೈವ್ ಸಲಿವನ್ ತನ್ನ ವೃತ್ತಿಜೀವನದಲ್ಲಿ ಗಳಿಸಿದ ಟ್ರೈಗಳು ನಾನೂರಕ್ಕೂ ಹೆಚ್ಚು. ಅವುಗಳಲ್ಲಿ ಲಿಯಾನಿನ ಟ್ರೈ ಲೋಕಕ್ಕೆ ತಿಳಿದುದು. ಆದರೆ ಅವನ ಬಾಳಿಗೆ ತಿರುವು ಕೊಟ್ಟದ್ದು ಕ್ಯಾಟರಿಕಿನ ದಂಡಿನ ಬಯಲಿನಲ್ಲಿ, ಪೆಟ್ಟಾಯಿತೆಂದು ನಟಿಸಲು ಹೋಗಿ ಅದನ್ನು ಮರೆತು 
ಓಡಿದ ಆ ಮೊದಲ ಟ್ರೈ. ಅದಕ್ಕೆ ದಾಖಲೆಯ ಪುಸ್ತಕದಲ್ಲಿ ಸ್ಥಾನವಿಲ್ಲ. ಮಿಕ್ಕ ಟ್ರೈಗಳೆಲ್ಲ ಅದರ ಹಿಂದೆಯೇ ಬಂದುವು.